ಲಾರಿಯ ಮುಂದೆ ಹಿಡಿಯಬೇಕಾದ ಅಳತೆ

ಮನೆ ಕಟ್ಟಿಸುವವರು ಸಿಮೆಂಟಿನ ದರ ಹತ್ತು ರೂಪಾಯಿ ಇಳಿಯಲೆಂದು ನಾಲ್ಕು ಅಂಗಡಿ ಸುತ್ತುತ್ತಾರೆ. ಆದರೆ ಮಾಲು ಹೊತ್ತ ಲಾರಿ ಸೈಟಿನ ಮುಂದೆ ಬಂದು ನಿಂತಾಗ ಅಳೆದು, ಎಣಿಸಿ ಇಳಿಸಿಕೊಳ್ಳುವವರು ವಿರಳ. ಕಟ್ಟಡಗಳ ಉಸ್ತುವಾರಿ ನೋಡಿಕೊಳ್ಳುವ ನನ್ನ ಮಟ್ಟಿಗೆ, ಚೌಕಾಸಿಗಿಂತ ಹೆಚ್ಚು ಹಣ ಉಳಿಯುವುದು ಅಲ್ಲಿಯೇ.

ಮರಳನ್ನೇ ತೆಗೆದುಕೊಳ್ಳಿ. ತುಸು ತೇವವಿದ್ದಾಗ ಕಣಗಳ ಸುತ್ತ ನೀರಿನ ತೆಳುವಾದ ಪದರ ಕಟ್ಟಿ, ಅವು ಒತ್ತಾಗಿ ಕೂರದಂತೆ ತಡೆಯುವುದರಿಂದ, ತೂಕದಲ್ಲಿ ಶೇ. 5ರಷ್ಟು ನೀರು ಸೇರಿದರೆ ಸಾಕು, ಮರಳಿನ ಗಾತ್ರ ಶೇ. 20ರಷ್ಟು, ನಯವಾದ ಮರಳಾದರೆ ಅದಕ್ಕಿಂತಲೂ ಹೆಚ್ಚು, ಉಬ್ಬಬಹುದು. ಲಾರಿಯ ತೊಟ್ಟಿಯನ್ನು ಘನ ಅಡಿಯಲ್ಲಿ ಅಳೆದು ಕೊಂಡವರು ಆ ಉಬ್ಬಿಗೂ ದುಡ್ಡು ತೆರುತ್ತಾರೆ; ವೇಬ್ರಿಡ್ಜಿನ ಚೀಟಿಯ ಮೇಲೆ ಕೊಂಡವರಿಗೆ ನೀರಿನ ತೂಕವಷ್ಟೇ ನಷ್ಟ. ಪರೀಕ್ಷೆ ಸುಲಭ. ನೇರ ಗೋಡೆಯ ಗಾಜಿನ ಪಾತ್ರೆಯಲ್ಲಿ 15 ಸೆಂ.ಮೀ. ಎತ್ತರಕ್ಕೆ ತೇವದ ಮರಳನ್ನು ಸಡಿಲವಾಗಿ ತುಂಬಿ, ಅದು ಮುಳುಗುವಷ್ಟು ನೀರು ಹಾಕಿ ಕಲಕಿ ಬಿಟ್ಟರೆ, ಮರಳು 12 ಸೆಂ.ಮೀ.ಗೆ ಇಳಿದು ಕೂತಾಗ ಉಬ್ಬು ಶೇ. 25 ಎಂದು ತಿಳಿಯಬೇಕು. ಇದೇ ಮರಳನ್ನು ಬಾಂಡ್ಲಿಯ ಲೆಕ್ಕದಲ್ಲಿ ಮಿಕ್ಸರಿಗೆ ಸುರಿದರೆ ಕಾಂಕ್ರೀಟಿನಲ್ಲಿ ಮರಳು ಕಡಿಮೆಯಾಗಿ ಸಿಮೆಂಟ್ ಹೆಚ್ಚು ಖರ್ಚಾಗುತ್ತದೆ. ಮೋಲ್ಡ್ ಹಾಕುವ ದಿನ ಮೂಟೆಗಳು ಸಾಲದೆ ಅಂಗಡಿಗೆ ಫೋನು ಹೋಗುವುದಕ್ಕೆ ಇದೂ ಒಂದು ಕಾರಣ.

ಕಬ್ಬಿಣಕ್ಕೆ ತೂಕ, ಎಣಿಕೆ ಎರಡೂ ಬೇಕು. ಕಂಬಿಯ ವ್ಯಾಸವನ್ನು ಮಿಲಿಮೀಟರಿನಲ್ಲಿ ವರ್ಗ ಮಾಡಿ 162ರಿಂದ ಭಾಗಿಸಿದರೆ ಒಂದು ಮೀಟರಿನ ತೂಕ ಕಿಲೋದಲ್ಲಿ ಸಿಗುತ್ತದೆ. ಆ ಪ್ರಕಾರ 12 ಮಿ.ಮೀ. ದಪ್ಪ, 12 ಮೀಟರ್ ಉದ್ದದ ಕಂಬಿ ಸುಮಾರು 10.7 ಕಿಲೋ ತೂಗಬೇಕು. ಭಾರತೀಯ ಮಾನಕದಲ್ಲಿ ಈ ದಪ್ಪಕ್ಕೆ ಶೇ. 5ರಷ್ಟು ಹೆಚ್ಚು ಕಡಿಮೆಗೆ ಅವಕಾಶವಿದೆ. ವ್ಯತ್ಯಾಸ ಅದನ್ನು ಮೀರಿದರೆ ಲಾರಿಯನ್ನು ನಿಲ್ಲಿಸಿಕೊಂಡೇ ಮಾತಾಡಬೇಕು. ಇಳಿಸಿದ ಮೇಲೆ ಯಾರೂ ಕಿವಿಗೊಡುವುದಿಲ್ಲ.

ಸಿಮೆಂಟಿನ ಕಥೆ ಬೇರೆ. ಅದು ಅಳತೆಯಲ್ಲಿ ಮೋಸ ಹೋಗುವುದಕ್ಕಿಂತ ಕೂತಲ್ಲೇ ಕೆಡುವುದು ಹೆಚ್ಚು. ಮೂಟೆಗಳನ್ನು ನೆಲದಿಂದ ಎತ್ತರಿಸಿದ ಹಲಗೆಯ ಮೇಲೆ, ಗೋಡೆಗೆ ತಾಗದಂತೆ, ಹತ್ತರ ಎತ್ತರ ಮೀರದಂತೆ ಜೋಡಿಸಬೇಕು. ಮೂರು ತಿಂಗಳು ದಾಟಿದ್ದನ್ನು ಪರೀಕ್ಷಿಸದೆ ಬಳಸಬಾರದು. ಮೇಸ್ತ್ರಿಯ ಆಳುಗಳು ಬಾಗಿಲ ಹತ್ತಿರದ ಮೂಟೆಗೇ ಕೈ ಹಾಕುವುದರಿಂದ, ಹಳೆಯದನ್ನು ಮುಂದಕ್ಕೆ ಜರುಗಿಸಿ ಹೊಸ ಲೋಡನ್ನು ಶೆಡ್ಡಿನ ಒಳಮೂಲೆಯಲ್ಲಿ ಇಳಿಸಲು ಹೇಳುತ್ತೇನೆ. ಹಮಾಲರು ಗೊಣಗುತ್ತಾರೆ, ಆ ಹೆಚ್ಚಿನ ಕೆಲಸಕ್ಕೆ ಕೂಲಿಯನ್ನೂ ಕೇಳುತ್ತಾರೆ. ಗಟ್ಟಿಯಾದ ನಾಲ್ಕು ಮೂಟೆ ಎಸೆಯುವುದಕ್ಕಿಂತ ಅದು ಅಗ್ಗ.