‘ಎದುರಾಳಿಗಳ ಊರಿಗೇ ಹೋಗಿ ಮ್ಯಾಚ್ ನೋಡೋಕೆ ಭಯ ಆಗಲ್ವಾ?’

ನಾನು ಇಂಗ್ಲೆಂಡಿನಲ್ಲಿ ನನ್ನ ಫುಟ್‌ಬಾಲ್ ತಂಡದ ಹಿಂದೆ ಊರೂರು ತಿರುಗುತ್ತೇನೆ ಅಂತ ಗೊತ್ತಾದ ಕೂಡಲೇ ಎಲ್ಲರೂ ಕೇಳುವ ಪ್ರಶ್ನೆ ಇದು. ಸ್ಟೇಡಿಯಂ ಅವರದು, ಸುತ್ತ ಅವರದೇ ಜನ, ಮೂಲೆಯಲ್ಲಿ ನೀವು ಒಂದು ಹಿಡಿ ಮಂದಿ. ಭಯ ಆಗಲ್ವಾ?

ಮೊದಲ ಸಲ ಆಗಿತ್ತು. ನ್ಯೂಕಾಸಲ್‌ನ ಸೇಂಟ್ ಜೇಮ್ಸ್ ಪಾರ್ಕ್ ಸ್ಟೇಡಿಯಂಗೆ ಹೋಗಿದ್ದೆ. ರೈಲು ಇಳಿದು ನಡೆಯುವ ದಾರಿಯುದ್ದಕ್ಕೂ ಕಪ್ಪು ಬಿಳಿ ಪಟ್ಟೆಯ ಜೆರ್ಸಿಗಳೇ. ನನ್ನ ಸ್ಕಾರ್ಫ್ ಜಾಕೆಟ್ಟಿನ ಒಳಗಿತ್ತು, ಜಿಪ್ ಕುತ್ತಿಗೆವರೆಗೆ ಎಳೆದಿದ್ದೆ. ಯಾರೂ ನನ್ನತ್ತ ತಿರುಗಿಯೂ ನೋಡಲಿಲ್ಲ. ದಾರಿ ತಪ್ಪಿ ಒಬ್ಬರನ್ನು ಕೇಳಿದಾಗ ಅವರೇ ನಮ್ಮ ಗೇಟಿನ ಹತ್ತಿರದವರೆಗೂ ಬಂದು ತೋರಿಸಿದರು.

ಅಲ್ಲಿ ಹೊರಗಿನಿಂದ ಬಂದವರಿಗೆ ಕೊಟ್ಟಿದ್ದು ಸ್ಟ್ಯಾಂಡಿನ ತುತ್ತತುದಿ, ಏಳನೇ ಹಂತ. ಹದಿನಾಲ್ಕು ಸುತ್ತು ಮೆಟ್ಟಿಲು ಹತ್ತಬೇಕು. ಅರ್ಧಕ್ಕೇ ಮಂಡಿ ನೋಯುತ್ತದೆ. ಹತ್ತಿ ಮುಗಿಸಿ ಹೊರಗೆ ಕಾಲಿಟ್ಟರೆ ಮೈದಾನ ಕೆಳಗೆಲ್ಲೋ ಹಸಿರು ಕರವಸ್ತ್ರದ ಹಾಗೆ ಕಾಣುತ್ತದೆ, ಆಟಗಾರರ ಮುಖ ಗೊತ್ತಾಗುವುದಿಲ್ಲ. ಆದರೆ ಅಷ್ಟು ಎತ್ತರದಿಂದ ತಂಡದ ಇಡೀ ಜೋಡಣೆ ಕಾಣುತ್ತದೆ. ಎಡಗಡೆಯ ಡಿಫೆಂಡರ್ ಎರಡು ಹೆಜ್ಜೆ ಮುಂದೆ ಹೋದರೆ ಹಿಂದೆ ಎಷ್ಟು ಜಾಗ ತೆರೆದುಕೊಳ್ಳುತ್ತದೆ ಅಂತ ಚೆಂಡು ಅಲ್ಲಿಗೆ ಹೋಗುವ ಮೊದಲೇ ತಿಳಿಯುತ್ತದೆ. ಟಿವಿಯಲ್ಲಿ ನನಗೆ ಇದು ಯಾವತ್ತೂ ಸಿಕ್ಕಿಲ್ಲ.

ಆ ಸ್ಟೇಡಿಯಂನಲ್ಲಿ 52 ಸಾವಿರಕ್ಕೂ ಜಾಸ್ತಿ ಜನ ಹಿಡಿಸುತ್ತಾರೆ. ಇಂಗ್ಲೆಂಡಿನ ಅತಿ ಮೇಲಿನ ಲೀಗ್ ಆದ ಪ್ರೀಮಿಯರ್ ಲೀಗಿನ ನಿಯಮದ ಪ್ರಕಾರ ಹೊರಗಿನ ತಂಡ ತನ್ನ ಅಭಿಮಾನಿಗಳಿಗೆ 3,000 ಟಿಕೆಟ್‌ವರೆಗೆ ಕೇಳಬಹುದು. ಸ್ಟೇಡಿಯಂ ಚಿಕ್ಕದಾದರೆ ಅದರ ಶೇಕಡಾ 10. ಅಂದರೆ ನಮ್ಮ ಒಂದು ದನಿಗೆ ಅವರ ಹದಿನಾರು. ನನ್ನ ಉತ್ತರ ಇರುವುದು ಈ ಲೆಕ್ಕದಲ್ಲೇ. ನಮ್ಮದೇ ಸ್ಟೇಡಿಯಂನಲ್ಲಿ ನಾನು ಒಂದು ದಿನ ಬಾಯಿ ಮುಚ್ಚಿ ಕೂತರೂ ನಡೆಯುತ್ತದೆ. ಇಲ್ಲಿ ನಡೆಯಲ್ಲ. ನಾವು ಸುಮ್ಮನಾದರೆ ನಮ್ಮ ಹನ್ನೊಂದು ಜನಕ್ಕೆ ತಮ್ಮವರು ಬಂದಿದ್ದಾರೆ ಅನ್ನುವುದೇ ಕೇಳಿಸುವುದಿಲ್ಲ. ಈ ಯೋಚನೆ ಬಂದ ಮೇಲೆ ಭಯಪಡುವುದಕ್ಕೆ ಪುರುಸೊತ್ತು ಇರಲಿಲ್ಲ.

ಪಕ್ಕದಲ್ಲಿ ನಿಂತಿರುವವರೂ ಸುಮ್ನೆ ಬಂದವರಲ್ಲ. ದೊಡ್ಡ ತಂಡಗಳಲ್ಲಿ ‘ಅವೇ’ (away) ಟಿಕೆಟ್, ಅಂದರೆ ಎದುರಾಳಿಗಳ ಊರಿನ ಮ್ಯಾಚಿನ ಟಿಕೆಟ್ ಸಿಗುವುದು ಹಿಂದೆ ಎಷ್ಟು ಮ್ಯಾಚಿಗೆ ಹೋಗಿದ್ದೀರಿ ಅನ್ನುವುದರ ಮೇಲೆ. ಮೊದಲು ಬೆಲೆಯೂ ವಿಪರೀತ ಇತ್ತು. ಅಭಿಮಾನಿಗಳು ವರ್ಷಗಟ್ಟಲೆ ಹೋರಾಡಿದ ಮೇಲೆ 2016-17ರಿಂದ ಪ್ರೀಮಿಯರ್ ಲೀಗಿನಲ್ಲಿ ಅವೇ ಟಿಕೆಟ್ಟಿಗೆ 30 ಪೌಂಡಿನ ಮಿತಿ ಬಂತು. ಇದು ಅಭಿಮಾನಿಗಳ ನಿಜವಾದ ಗೆಲುವು. ಈಗ ಹೊಟ್ಟೆ ಉರಿಸುವುದು ಟಿವಿ ವೇಳಾಪಟ್ಟಿ. ಶನಿವಾರದ ಮ್ಯಾಚನ್ನು ಸೋಮವಾರ ರಾತ್ರಿಗೆ ತಳ್ಳಿದರೆ ಮುಂಚೆಯೇ ತೆಗೆದ ರೈಲು ಟಿಕೆಟ್ ದಂಡ, ವಾಪಸ್ ಬರಲು ರೈಲೇ ಇಲ್ಲ.

ಭಯಕ್ಕೆ ಕಾರಣವೇ ಇಲ್ಲ ಅಂತ ನಾನು ಹೇಳುವುದಿಲ್ಲ. ಅರ್ಜೆಂಟೀನಾದಲ್ಲಿ 2013ರಲ್ಲಿ ಲಾ ಪ್ಲಾಟಾದ ಒಂದು ಮ್ಯಾಚಿನಲ್ಲಿ ಹೊರಗಿನ ತಂಡದ ಅಭಿಮಾನಿಯೊಬ್ಬರು ಸತ್ತ ಮೇಲೆ, ಹೊರಗಿನವರು ಬರುವುದನ್ನೇ ನಿಷೇಧಿಸಿದರು. ಒಂದೇ ಕಡೆಯವರು ತುಂಬಿದ ಸ್ಟೇಡಿಯಂ ನೆನೆಸಿಕೊಂಡರೆ ನನಗೆ ಸಂಕಟವಾಗುತ್ತದೆ. ಇಂಗ್ಲೆಂಡಿನಲ್ಲೂ ಎಚ್ಚರ ಬೇಕು. ಬಣ್ಣ ತೋರಿಸುವುದು ನಮ್ಮ ಗೇಟಿನ ಒಳಗೆ ಹೋದ ಮೇಲೆ. ಸ್ಟೇಡಿಯಂ ಹತ್ತಿರದ ಎಷ್ಟೋ ಪಬ್‌ಗಳು ಆ ಊರಿನ ಅಭಿಮಾನಿಗಳಿಗೆ ಮಾತ್ರ. ಬಾಗಿಲಲ್ಲಿ ಕೇಳಿಯೇ ಒಳಗೆ ಹೋಗಿ. ಟಿಕೆಟ್ ಸಿಗಲಿಲ್ಲ ಅಂತ ಅವರ ಅಭಿಮಾನಿಗಳ ನಡುವೆ ಮಾತ್ರ ಕೂರಬೇಡಿ. ಗೋಲ್ ಆದಾಗ ಕೈ ತಡೆಯುವುದಿಲ್ಲ, ಎದ್ದು ನಿಂತರೆ ಸ್ಟೇಡಿಯಂ ಕಾಯುವ ಸ್ಟೀವರ್ಡ್‌ಗಳು ಹೊರಗೆ ಕಳಿಸುತ್ತಾರೆ. ಇದಕ್ಕೆ ಅಪವಾದವೂ ಇದೆ. 2022ರ ಏಪ್ರಿಲ್‌ನಲ್ಲಿ ಜರ್ಮನಿಯ ಫ್ರಾಂಕ್‌ಫರ್ಟ್ ತಂಡದ ಅಭಿಮಾನಿಗಳಿಗೆ ಬಾರ್ಸಿಲೋನಾದಲ್ಲಿ ಕೊಟ್ಟಿದ್ದು ಸುಮಾರು 5,000 ಟಿಕೆಟ್. ಬಂದವರು 30 ಸಾವಿರದಷ್ಟು. ಅವರ ಬಿಳಿ ಬಟ್ಟೆಯಿಂದ ಸ್ಟೇಡಿಯಂ ಬೆಳ್ಳಗಾಯಿತು, ಫ್ರಾಂಕ್‌ಫರ್ಟ್ 3-2ರಿಂದ ಗೆದ್ದಿತು. ಅದೊಂದು ಅಪರೂಪದ ರಾತ್ರಿ, ಎಲ್ಲ ಕಡೆ ಹಾಗೆ ಆಗುವುದಿಲ್ಲ.

ಮಕ್ಕಳನ್ನೋ ವಯಸ್ಸಾದವರನ್ನೋ ಕರೆದುಕೊಂಡು ಹೋಗುವವರಿಗೆ ಇನ್ನೊಂದು ಮಾತು. ಹೊರಗಿನವರಿಗೆ ಕೊಡುವ ‘ಅವೇ ಎಂಡ್‌’ನಲ್ಲಿ ಸೀಟು ಇದ್ದರೂ ಹೆಚ್ಚಿನವರು ಪೂರ್ತಿ ಮ್ಯಾಚ್ ನಿಂತೇ ನೋಡುತ್ತಾರೆ. 97 ಜನರನ್ನು ಬಲಿ ತೆಗೆದುಕೊಂಡ 1989ರ ಹಿಲ್ಸ್‌ಬರೋ ಸ್ಟೇಡಿಯಂನ ನೂಕುನುಗ್ಗಲಿನ ದುರಂತದ ನಂತರ ದೊಡ್ಡ ಸ್ಟೇಡಿಯಂಗಳಲ್ಲಿ ಸೀಟು ಕಡ್ಡಾಯವಾಯಿತು. ನಿಂತು ನೋಡಲು ಮತ್ತೆ ಒಪ್ಪಿಗೆ ಸಿಕ್ಕಿದ್ದು 2022ರಲ್ಲಿ, ಅದೂ ಪ್ರತಿ ಸಾಲಿಗೂ ಕಂಬಿ ಹಾಕಿದ ಕಡೆ ಮಾತ್ರ. ಕಂಬಿ ಇಲ್ಲದ ಕಡೆ ಗೋಲ್ ಆದಾಗ ಹಿಂದಿನ ಸಾಲಿನವರು ಮೈಮೇಲೆ ಬೀಳುತ್ತಾರೆ. ಮಕ್ಕಳಿದ್ದರೆ ಸಾಲಿನ ತುದಿಯ ಸೀಟು ಕೇಳಿ.

ನ್ಯೂಕಾಸಲ್‌ನಲ್ಲಿ ಆ ದಿನ ನಾವು ಒಂದು ಗೋಲ್ ಹೊಡೆದೆವು. ಅವೇ ಗೋಲ್‌ನ ಸದ್ದೇ ಬೇರೆ. ಮೊದಲು ಇಡೀ ಸ್ಟೇಡಿಯಂನ ಗದ್ದಲ ಕತ್ತರಿಸಿದ ಹಾಗೆ ನಿಲ್ಲುತ್ತದೆ. ಆಮೇಲೆ ಒಂದೇ ಮೂಲೆಯಿಂದ ಕೂಗು ಏಳುತ್ತದೆ, ಆ ಕೂಗಿನ ಒಳಗೆ ನೀವೇ ಇರುತ್ತೀರಿ. ಗುರುತಿಲ್ಲದ ಹಿರಿಯರೊಬ್ಬರು ನನ್ನನ್ನು ಅಪ್ಪಿಕೊಂಡು ಅಳುತ್ತಿದ್ದರು. ಕೊನೆಗೆ ನಾವು ಸೋತೆವು. ಆದರೂ ಆಟಗಾರರು ಅಷ್ಟು ದೂರ ನಡೆದು ನಮ್ಮ ಮೂಲೆಗೆ ಬಂದರು, ತಲೆ ಎತ್ತಿ ಚಪ್ಪಾಳೆ ತಟ್ಟಿದರು. ಯಾರೂ ಮೆಟ್ಟಿಲ ಕಡೆ ಹೊರಟಿರಲಿಲ್ಲ.

ರಾತ್ರಿ ಪ್ಲಾಟ್‌ಫಾರಂನಲ್ಲಿ ಜಾಕೆಟ್ ಬಿಚ್ಚಿ ಕೂತಿದ್ದೆ, ಸ್ಕಾರ್ಫ್ ಮರೆತೇ ಹೋಗಿತ್ತು. ಕಪ್ಪು ಬಿಳಿ ಪಟ್ಟೆಯ ಟೋಪಿ ಹಾಕಿದ್ದ ಒಬ್ಬರು ಬಂದು ಪಕ್ಕದಲ್ಲಿ ಕೂತರು. ಅವರು ಕೂತು ನೋಡಿದ್ದು ನಮಗೆ ತೀರಾ ಎದುರಿಗಿರುವ ಗ್ಯಾಲೋಗೇಟ್ ಎಂಡ್‌ನಲ್ಲಂತೆ.

“ಕೊನೆವರೆಗೂ ಹಾಡ್ತಾನೇ ಇದ್ರಲ್ಲ,” ಅಂದರು. “ನಮ್ಮ ಕಡೆವರೆಗೂ ಕೇಳಿಸ್ತಿತ್ತು.”