ತವರಿನಲ್ಲಿ ಕಂಡ ನೀಲಗಿರಿ

ನೀಲಗಿರಿ ಮರವೆಂದರೆ ಅಂತರ್ಜಲವನ್ನು ಹೀರುವ, ತನ್ನ ಬುಡದಲ್ಲಿ ಹುಲ್ಲನ್ನೂ ಬೆಳೆಯಗೊಡದ ಮರ ಎಂಬ ಮಾತನ್ನು ಕೇಳುತ್ತಲೇ ಬೆಳೆದವಳು ನಾನು. ಸಾಲುಸಾಲಾಗಿ ನೆಟ್ಟ ತೋಪುಗಳಲ್ಲಿ ಹಕ್ಕಿಯ ದನಿ ಕೇಳಿಸದಿದ್ದಾಗಲೆಲ್ಲ ನನ್ನ ಮುನಿಸು ಆ ಮರದ ಮೇಲೆಯೇ ತಿರುಗುತ್ತಿತ್ತು. ಆ ಮರದ ತವರಾದ ಆಸ್ಟ್ರೇಲಿಯಾಕ್ಕೆ, ಅದರ ಪಶ್ಚಿಮದ ಪರ್ತ್ ನಗರಕ್ಕೆ ಬಂದು ನೆಲೆಸಿ, ಇಲ್ಲಿನ ಕಿಂಗ್ಸ್ ಪಾರ್ಕಿನ ಕುರುಚಲು ಕಾಡಿನಲ್ಲಿ ವಾರಕ್ಕೊಮ್ಮೆ ನಡೆದಾಡಲು ಆರಂಭಿಸಿದ ಮೇಲೆ, ಆ ಮುನಿಸನ್ನು ನಾನು ಮರದ ಮೇಲಲ್ಲ, ಅದನ್ನು ಎಲ್ಲೆಂದರಲ್ಲಿ ನೆಟ್ಟ ಕೈಗಳ ಮೇಲೆ ಇಟ್ಟುಕೊಳ್ಳಬೇಕಾಗಿತ್ತೆಂದು ಮನದಟ್ಟಾಯಿತು. ನೀಲಗಿರಿಯ ಜಾತಿಗೇ ಸೇರಿದ ಜಾರಾ ಮತ್ತು ಟುವಾರ್ಟ್, ಅವುಗಳ ಹತ್ತಿರದ ಬಂಧುವಾದ ಮಾರಿ, ಈ ಮೂರೂ ಇಲ್ಲಿ ಒಂದರಿಂದೊಂದು ದೂರ ನಿಂತಿವೆ. ಅವುಗಳ ನಡುವಣ ಬಿಸಿಲಿನಲ್ಲಿ ಪೊದೆ, ಹುಲ್ಲು, ಗೆಡ್ಡೆಯ ಗಿಡಗಳು ಒತ್ತೊತ್ತಾಗಿ ಬೆಳೆದಿವೆ.

ಸ್ವಾನ್ ನದಿಯ ದಂಡೆಯ ದಿಬ್ಬದ ಮೇಲೆ ಹರಡಿರುವ ಈ ಜಾಗವು ಇಲ್ಲಿನ ಮೂಲನಿವಾಸಿಗಳಾದ ನೂಂಗಾರ್ ಜನರಲ್ಲಿ ವಾಜುಕ್ ಪಂಗಡದವರ ನೆಲ. 1872ರಲ್ಲಿ ಇದರ ಒಂದು ಭಾಗವನ್ನು ಸಾರ್ವಜನಿಕರಿಗಾಗಿ ಕಾದಿರಿಸಲಾಯಿತು. ಇಂದಿನ ಸುಮಾರು 400 ಹೆಕ್ಟೇರುಗಳಲ್ಲಿ ಮೂರನೆಯ ಎರಡು ಭಾಗ ಸಹಜ ಕಾಡಾಗಿಯೇ ಉಳಿದಿದೆ. ಹುಲ್ಲುಹಾಸು ಮತ್ತು ಸ್ಮಾರಕಗಳನ್ನು ನೋಡಿ ಹಿಂದಿರುಗುವ ಪ್ರವಾಸಿಗರಲ್ಲಿ ಹೆಚ್ಚಿನವರು ಆ ಕಾಡಿನೊಳಕ್ಕೆ ಕಾಲಿಡುವುದಿಲ್ಲ.

ಕಾಲಿಟ್ಟರೆ ಮೊದಲು ಸಿಗುವುದು ಮರಳು. ಸಾವಿರಾರು ವರ್ಷಗಳ ಮಳೆಗೆ ಸತ್ತ್ವವೆಲ್ಲ ಬಸಿದುಹೋದ, ರಂಜಕವು ಇಲ್ಲವೆನ್ನುವಷ್ಟು ಕಡಿಮೆಯಿರುವ ಹಳೆಯ ಮರಳು ದಿಬ್ಬಗಳಿವು. ಈ ಬಡ ನೆಲದಲ್ಲಿ ಬ್ಯಾಂಕ್ಸಿಯಾ ಮರಗಳು ಮಳೆಗಾಲದಲ್ಲಿ ಮೇಲ್ಪದರದ ಮಣ್ಣಿನಲ್ಲಿ ಕುಂಚದಂತೆ ದಟ್ಟವಾದ ಬೇರಿನ ಗೊಂಚಲುಗಳನ್ನು ಬಿಟ್ಟು, ಅವುಗಳಿಂದ ಆಮ್ಲಗಳನ್ನು ಸ್ರವಿಸಿ, ಮಣ್ಣಿನ ಕಣಗಳಿಗೆ ಅಂಟಿಕೊಂಡಿರುವ ರಂಜಕವನ್ನು ಬಿಡಿಸಿಕೊಳ್ಳುತ್ತವೆ. ಇಂಥ ಮರಗಳಿಗೆ ತೋಟದ ಗೊಬ್ಬರವನ್ನು ಧಾರಾಳವಾಗಿ ಹಾಕಿದರೆ ಅವು ಸಾಯಲೂಬಹುದು. ನಮ್ಮ ಕಾಫಿ ತೋಟಗಳಲ್ಲಿ ನೆರಳಿಗೆಂದು ಬೆಳೆಸುವ, ಪೂರ್ವ ಆಸ್ಟ್ರೇಲಿಯಾ ಮೂಲದ ಸಿಲ್ವರ್ ಓಕ್ ಮರವೂ ಬ್ಯಾಂಕ್ಸಿಯಾದ ಕುಟುಂಬದ್ದೇ ಎಂದು ತಿಳಿದಂದು ನನಗೆ ದೂರದ ನೆಂಟರ ಮನೆಯೊಂದನ್ನು ಪತ್ತೆಹಚ್ಚಿದಷ್ಟು ಸಂತೋಷವಾಯಿತು.

ಈ ಕಾಡಿನಲ್ಲಿ ಮೆನ್ಜಿಸ್ ಬ್ಯಾಂಕ್ಸಿಯಾ ಶರತ್ಕಾಲದಿಂದ ಚಳಿಗಾಲದುದ್ದಕ್ಕೂ ಹೂ ಬಿಡುತ್ತದೆ. ಅದು ಮುಗಿಯುವ ಹೊತ್ತಿಗೆ ಸಪೂರ ಹಳದಿ ಹೂಗೊಂಚಲಿನ ಇನ್ನೊಂದು ಬ್ಯಾಂಕ್ಸಿಯಾ ಅರಳಲು ತೊಡಗುತ್ತದೆ. ಹೀಗೆ ಸರದಿ ತಪ್ಪದಿರುವುದರಿಂದಲೇ ಮಕರಂದವನ್ನು ನಂಬಿ ಬದುಕುವ ಹಕ್ಕಿಗಳಿಗೆ ವರ್ಷದ ಬಹುಭಾಗ ಆಹಾರ ದೊರೆಯುತ್ತದೆ. ನೂಂಗಾರ್ ಜನರೂ ವರ್ಷವನ್ನು ನಮ್ಮಂತೆಯೇ ಆರು ಋತುಗಳಾಗಿ ಎಣಿಸುತ್ತಾರೆ: ಬಿರಾಕ್, ಬುನುರು, ಜೆರಾನ್, ಮಕುರು, ಜಿಲ್ಬಾ, ಕಂಬರಂಗ್. ಆಗಸ್ಟ್ ಮತ್ತು ಸೆಪ್ಟೆಂಬರ್ ತಿಂಗಳುಗಳ ಜಿಲ್ಬಾದಲ್ಲಿ ಕತ್ತೆಯ ಕಿವಿಗಳಂತೆ ಎರಡು ಎಸಳುಗಳನ್ನು ನಿಮಿರಿಸಿದ ಡಾಂಕಿ ಆರ್ಕಿಡ್ ಹೂಗಳು ಕಾಣಿಸಿಕೊಳ್ಳುತ್ತವೆ. ಅವುಗಳಲ್ಲಿ ಜೇನಿಲ್ಲ, ಪಕ್ಕದ ಅವರೆ ಕುಟುಂಬದ ಪೊದೆಗಳ ಹೂವನ್ನು ಹೋಲುವ ಮೂಲಕ ಅವು ದುಂಬಿಗಳನ್ನು ಸೆಳೆದುಕೊಳ್ಳುತ್ತವೆ.

ಡಿಸೆಂಬರಿನ ಬಿರುಬಿಸಿಲಿನಲ್ಲಿ ಮಿಕ್ಕವು ಬಾಡಿ ನಿಂತಿರುವಾಗ ಕಿತ್ತಳೆ ಬಣ್ಣದ ಹೂಗಳಿಂದ ಉರಿಯುವಂತೆ ಕಾಣುವ ಮೂಜಾರ್ ಮರದ ಬಗ್ಗೆ ಇನ್ನೂ ಸ್ವಲ್ಪ ಹೇಳಲೇಬೇಕು. ಇದು ಬಂದಳಿಕೆಯ ಕುಟುಂಬಕ್ಕೆ ಸೇರಿದ್ದು. ಆದರೆ ನಮ್ಮ ಮಾವಿನ ಕೊಂಬೆಗಳ ಮೇಲೆ ಕೂರುವ ಬಂದಳಿಕೆಯಂತಲ್ಲದೆ, ನೆಲದಲ್ಲಿಯೇ ಬೇರೂರಿ ಸ್ವತಂತ್ರ ಮರದಂತೆ ನಿಲ್ಲುತ್ತದೆ. ಮಣ್ಣಿನ ಒಳಗೆ ಮಾತ್ರ ಅದರ ಬೇರುಗಳು ಅಕ್ಕಪಕ್ಕದ ಗಿಡಗಳ ಬೇರುಗಳಿಗೆ ಬಳೆಯಂತೆ ಸುತ್ತಿಕೊಂಡು, ಅಲಗಿನಂಥ ಅಂಗದಿಂದ ಕೊಯ್ದು, ನೀರನ್ನು ಎಳೆದುಕೊಳ್ಳುತ್ತವೆ. ನೆಲದಡಿಯ ವಿದ್ಯುತ್ ಮತ್ತು ದೂರವಾಣಿ ತಂತಿಗಳನ್ನೂ ಬೇರೆಂದೇ ಬಗೆದು ಇದು ಕೊಯ್ದ ದಾಖಲೆಗಳಿವೆ. ಹೀಗಿದ್ದರೂ ಸಹಸ್ರಾರು ವರ್ಷಗಳಿಂದ ಜೊತೆಯಲ್ಲಿ ಬಾಳಿದ ನೆರೆಯ ಗಿಡಗಳನ್ನು ಇದು ನಿರ್ಮೂಲ ಮಾಡಿಲ್ಲ.

ಅಪಾಯ ಬಂದಿರುವುದು ಹೊರಗಿನಿಂದ. ದಕ್ಷಿಣ ಆಫ್ರಿಕಾದಿಂದ ಬಂದ ವೆಲ್ಟ್ ಹುಲ್ಲು ಬೇಸಿಗೆಯಲ್ಲಿ ಒಣಗಿ ಬೆಂಕಿಗೆ ಮೇವಾಗುತ್ತದೆ. ಇಲ್ಲಿನ ಎಷ್ಟೋ ಬೀಜಗಳು ಮೊಳೆಯುವುದಕ್ಕೆ ಬೆಂಕಿಯ ಹೊಗೆಯೇ ಬೇಕೆಂಬುದು ನಿಜ. ಆ ಹೊಗೆಯಲ್ಲಿರುವ ರಾಸಾಯನಿಕವನ್ನು ಪರ್ತಿನ ವಿಜ್ಞಾನಿಗಳೇ ಗುರುತಿಸಿ 2004ರಲ್ಲಿ ಪ್ರಕಟಿಸಿದರು, ಮುಂದೆ ಅದಕ್ಕೆ ಹೊಗೆಯ ನೂಂಗಾರ್ ಪದದಿಂದಲೇ ಕ್ಯಾರಿಕಿನ್ ಎಂಬ ಹೆಸರೂ ಬಂತು. ಆದರೆ ಮೊಳೆತ ಸಸಿ ಬಲಿತು ಬೀಜ ಕಟ್ಟುವ ಮೊದಲೇ ಮತ್ತೆ ಬೆಂಕಿ ಬಿದ್ದರೆ ಸುಟ್ಟ ಜಾಗದಲ್ಲಿ ಮೊದಲು ಎದ್ದು ನಿಲ್ಲುವುದು ಅದೇ ವೆಲ್ಟ್ ಹುಲ್ಲು.

ನನ್ನ ಹಳೆಯ ಮುನಿಸಿಗೆ ಸರಿಜೋಡಿಯಾದ ಕಥೆಯೊಂದು ಪರ್ತಿನ ಉತ್ತರ ಭಾಗದಲ್ಲಿದೆ. ಅಲ್ಲಿ ಬ್ಯಾಂಕ್ಸಿಯಾ ಕಾಡನ್ನು ಕಡಿದು ಮೆಡಿಟರೇನಿಯನ್ ತೀರದ ಪೈನ್ ಮರಗಳನ್ನು ನೆಟ್ಟರು. ಅವು ನಮ್ಮಲ್ಲಿ ನೀಲಗಿರಿಯ ಮೇಲಿರುವ ಆರೋಪದಂತೆಯೇ ನಗರಕ್ಕೆ ನೀರುಣಿಸುವ ಅಂತರ್ಜಲಕ್ಕೆ ಕುತ್ತಾದವು. ಈಗ ಅವುಗಳನ್ನು ಕಡಿಯುತ್ತಿರುವಾಗ ಬೇರೊಂದು ಸಂಕಟ ಎದುರಾಗಿದೆ. ಜಗತ್ತಿನಲ್ಲಿ ಈ ನೈಋತ್ಯ ಮೂಲೆಯನ್ನು ಬಿಟ್ಟು ಬೇರೆಲ್ಲಿಯೂ ಇಲ್ಲದ ಕಾರ್ನಬಿ ಕಪ್ಪು ಕಾಕಟೂ ಎಂಬ ಗಿಳಿ ಬಳಗದ ಹಕ್ಕಿಗಳು, ಬ್ಯಾಂಕ್ಸಿಯಾ ಬೀಜಗಳು ಸಾಲದೆಹೋದಾಗ ಪೈನ್ ಕಾಯಿಗಳನ್ನು ಸುಲಿದು ತಿನ್ನಲು ಕಲಿತು, ಅವನ್ನೇ ನೆಚ್ಚಿಕೊಂಡಿದ್ದವು. ಸ್ವಾನ್ ಕರಾವಳಿ ಬಯಲಿನ ಬ್ಯಾಂಕ್ಸಿಯಾ ಕಾಡನ್ನು 2016ರಲ್ಲಿ ಅಳಿವಿನಂಚಿನ ಜೀವಸಮುದಾಯವೆಂದು ಕೇಂದ್ರ ಕಾನೂನಿನಡಿ ಪಟ್ಟಿ ಮಾಡಿದ್ದಾರೆ. ಪೈನ್ ಮರಗಳನ್ನು ತೆಗೆಯುವುದಕ್ಕೆ ಮೊದಲು ಅಷ್ಟೇ ಬ್ಯಾಂಕ್ಸಿಯಾಗಳನ್ನು ಬೆಳೆಸಿ ನಿಲ್ಲಿಸಬೇಕಾಗಿತ್ತೆಂಬುದು ನನ್ನ ಖಚಿತ ಅಭಿಪ್ರಾಯ.

ಈ ಕಾಕಟೂಗಳು ಒಳನಾಡಿನ ಮರಗಳ ಪೊಟರೆಗಳಲ್ಲಿ ಮರಿ ಮಾಡಿ, ಬೇಸಿಗೆ ಕಳೆಯುವ ಹೊತ್ತಿಗೆ ಕರಾವಳಿಯತ್ತ ಬರುತ್ತವೆ. ಕಳೆದ ಮಾರ್ಚಿನ ಒಂದು ಸಂಜೆ ಸುಮಾರು ಹದಿನೈದು ಹಕ್ಕಿಗಳ ಹಿಂಡು, ಬಾಲದ ಬಿಳಿ ಪಟ್ಟಿಗಳನ್ನು ಬೀಸಣಿಗೆಯಂತೆ ಬಿಚ್ಚಿಕೊಂಡು, ದೊಡ್ಡ ಮಾರಿ ಮರವೊಂದರ ಮೇಲೆ ಇಳಿಯಿತು. ಕತ್ತಲಾಗುವವರೆಗೂ ಕೊಕ್ಕಿನಿಂದ ಗಟ್ಟಿ ಕಾಯಿಗಳನ್ನು ಕಡಿಯುವ ಸದ್ದು ಕೇಳಿಸುತ್ತಿತ್ತು. ಮರುದಿನ ಬೆಳಿಗ್ಗೆ ಹೋಗಿ ನೋಡಿದಾಗ ಆ ಮರದ ಬುಡದಲ್ಲೆಲ್ಲ ಕೊಕ್ಕಿನ ಗುರುತುಳ್ಳ ಕಾಯಿಗಳು ಹರಡಿದ್ದವು, ಮತ್ತು ಅವುಗಳ ನಡುವೆ ಒಂದೇ ಒಂದು ಕಪ್ಪು ಗರಿ ಬಿದ್ದಿತ್ತು.