‘ಆನ್ ದ ರೋಡ್ ಅಗೇನ್’: ಆರನೆಯ ತಂತಿ ಕೊನೆಗೂ ಕೇಳಿಸಿತು

ನೈಲಾನ್ ತಂತಿಯ ಗಿಟಾರಿಗೆ ಕಂಪನವನ್ನು ವಿದ್ಯುತ್ ಸಂಕೇತವಾಗಿಸುವ ಪೀಜೋ ಪಿಕಪ್ ಕೂರಿಸಿ, ಅಮೆರಿಕದ ಕಂಟ್ರಿ ಗಾಯಕ ವಿಲ್ಲಿ ನೆಲ್ಸನ್ ಅವರ ‘ಆನ್ ದ ರೋಡ್ ಅಗೇನ್’ ಹಾಡನ್ನು ಮನೆಯಲ್ಲಿಯೇ ಧ್ವನಿಮುದ್ರಿಸಿಕೊಳ್ಳುವ ನನ್ನ ಯೋಜನೆ ಈ ವಾರ ಒಂದು ಘಟ್ಟವನ್ನು ದಾಟಿದೆ. ತಂತಿಗಳನ್ನು ಹೊರುವ ಮೂಳೆಯ ಪಟ್ಟಿಯಾದ ಸ್ಯಾಡಲ್ ಕೆಳಗೆ ತೂತು ಕೊರೆದದ್ದು, ಜ್ಯಾಕ್ ಬಿಗಿದದ್ದು ಎಲ್ಲವೂ ಈ ಹವ್ಯಾಸದವರಿಗೆ ಗೊತ್ತಿರುವ ಕೆಲಸಗಳೇ ಆದ್ದರಿಂದ ಅವುಗಳನ್ನು ಬಿಟ್ಟು, ನನ್ನನ್ನು ಬಹಳ ಕಾಡಿದ ಒಂದೇ ತೊಂದರೆಯನ್ನು ಹೇಳುತ್ತೇನೆ. ಗಿಟಾರನ್ನು ನೇರವಾಗಿ ಕೇಳಿದರೆ ತುಂಬಿದ ನಾದ. ಮುದ್ರಣದಲ್ಲಿ ಕೇಳಿದರೆ ಮಂದ್ರವೇ ಇಲ್ಲ.

ಬೇರೆ ಹಾಡಾಗಿದ್ದರೆ ಇದನ್ನು ಸಹಿಸಿಕೊಳ್ಳಬಹುದಿತ್ತು. ‘ಹನಿಸಕಲ್ ರೋಸ್’ ಚಿತ್ರಕ್ಕಾಗಿ ವಿಮಾನದಲ್ಲಿ ಕುಳಿತು, ವಾಂತಿಗೆಂದು ಇಟ್ಟಿದ್ದ ಕಾಗದದ ಚೀಲದ ಮೇಲೆ ನೆಲ್ಸನ್ ಗೀಚಿಕೊಂಡ ಈ ಹಾಡು 1980ರಲ್ಲಿ ಬಿಲ್‌ಬೋರ್ಡ್‌ನ ಕಂಟ್ರಿ ಪಟ್ಟಿಯ ಮೊದಲ ಸ್ಥಾನಕ್ಕೇರಿತು. ಊರಿಂದೂರಿಗೆ ತಿರುಗಾಟ ಹೊರಟ ವಾದ್ಯಗಾರರ ಉಲ್ಲಾಸ ಅದರ ಪದಗಳಲ್ಲಿ ಎಷ್ಟಿದೆಯೋ, ಓಡುವ ರೈಲಿನಂತಹ ಅದರ ತಾಳದಲ್ಲಿಯೂ ಅಷ್ಟೇ ಇದೆ. ಇ ಮೇಜರ್‌ನಲ್ಲಿ ನುಡಿಸುವಾಗ ಮೊದಲ ಸ್ವರಮೇಳ ಇ, ಅದರ ನಂತರ ಜಿ ಶಾರ್ಪ್ ಸೆವೆನ್, ಆಮೇಲೆ ಎಫ್ ಶಾರ್ಪ್ ಮೈನರ್. ಬ್ಯಾರೆ ಹಿಡಿದು, ಅಂದರೆ ತೋರುಬೆರಳನ್ನು ತಂತಿಗಳ ಮೇಲೆ ಅಡ್ಡ ಒತ್ತಿ ನುಡಿಸಿದರೆ ಈ ಮೂರರ ಮೂಲಸ್ವರವೂ ಎಲ್ಲಕ್ಕಿಂತ ದಪ್ಪನೆಯ ಆರನೆಯ ತಂತಿಯ ಮೇಲೆಯೇ ಬರುತ್ತದೆ. ಆ ತಂತಿಯೇ ಬಾಯಿ ಮುಚ್ಚಿಕೊಂಡರೆ ರೈಲು ನಿಲ್ದಾಣವನ್ನೇ ಬಿಡುವುದಿಲ್ಲ.

ಪೀಜೋ ಪಿಕಪ್ ವಿದ್ಯುತ್ ದೃಷ್ಟಿಯಿಂದ ಒಂದು ಸಣ್ಣ ಕೆಪಾಸಿಟರ್, ಅಂದರೆ ವಿದ್ಯುದಾವೇಶವನ್ನು ಹಿಡಿದಿಡುವ ಬಿಡಿಭಾಗ ಇದ್ದಂತೆ. ನನ್ನದರ ಕೆಪಾಸಿಟೆನ್ಸ್ ಅಳೆದಾಗ ಸುಮಾರು 1 ನ್ಯಾನೋಫ್ಯಾರಡ್ ಬಂತು. ಆಡಿಯೋ ಇಂಟರ್‌ಫೇಸಿನ (ಗಿಟಾರಿನ ಸಂಕೇತವನ್ನು ಕಂಪ್ಯೂಟರಿಗೆ ಕೊಡುವ ಪೆಟ್ಟಿಗೆಯ) ಗಿಟಾರ್ ಇನ್‌ಪುಟ್ಟಿನ ರೋಧ 1 ಮೆಗಾಓಮ್. ಇವೆರಡೂ ಸೇರಿದರೆ ಸುಮಾರು 159 ಹರ್ಟ್ಸ್‌ಗಿಂತ ಕೆಳಗಿಳಿದಂತೆಲ್ಲ ನಾದವನ್ನು ಹೆಚ್ಚು ಹೆಚ್ಚು ಕುಗ್ಗಿಸುವ ಫಿಲ್ಟರ್ ತಾನಾಗಿಯೇ ಸಿದ್ಧವಾಗುತ್ತದೆ. ಬಿಟ್ಟ ಆರನೆಯ ತಂತಿಯ ಕಂಪನ ಸೆಕೆಂಡಿಗೆ 82. ಅದರ ಮೂಲಸ್ವರದ ವೋಲ್ಟೇಜಿನಲ್ಲಿ ಅರ್ಧಕ್ಕಿಂತ ಕಡಿಮೆ ಮಾತ್ರ ಒಳಗೆ ಹೋಗುತ್ತದೆ. ಮುದ್ರಣವಾದ ಮೇಲೆ ಈಕ್ವಲೈಸರಿನಲ್ಲಿ ಮಂದ್ರವನ್ನು ಎತ್ತಿದರೆ ಅದರ ಜೊತೆಗೆ 50 ಹರ್ಟ್ಸ್ ಗುಂಯ್‌ಗಾಟವೂ ಎದ್ದು ಬರುತ್ತದೆ. ಆದ್ದರಿಂದ ಗಿಟಾರಿನ ಒಳಗೇ 10 ಮೆಗಾಓಮ್ ಇನ್‌ಪುಟ್ ಇರುವ ಬಫರ್, ಅಂದರೆ ಸಂಕೇತವನ್ನು ಕುಗ್ಗಿಸದೆ ಮುಂದೆ ದಾಟಿಸುವ ಪುಟ್ಟ ಸರ್ಕ್ಯೂಟ್ ಬೇಕು ಎಂಬುದು ಖಚಿತವಾಯಿತು. ಆಗ ಫಿಲ್ಟರ್ 16 ಹರ್ಟ್ಸ್‌ವರೆಗೆ ಇಳಿಯುತ್ತದೆ.

ಇಲ್ಲಿಂದ ಬೆಂಗಳೂರಿನ ಎಸ್‌.ಪಿ. ರಸ್ತೆಯ, ಅಂದರೆ ಎಲೆಕ್ಟ್ರಾನಿಕ್ಸ್ ಬಿಡಿಭಾಗಗಳ ಪೇಟೆಯ ಪುರಾಣ ಆರಂಭವಾಗುತ್ತದೆ. ಒಂದು ಅಂಗಡಿಯವರು ‘10 ಮೆಗ್’ ಎಂದು ಪೊಟ್ಟಣದ ಮೇಲೆ ಬರೆದು ಕೊಟ್ಟ ರೆಸಿಸ್ಟರುಗಳ ಮೇಲೆ ರೋಧವನ್ನು ಸೂಚಿಸುವ ಬಣ್ಣದ ಪಟ್ಟೆಗಳು ಕಂದು, ಕಪ್ಪು, ಕಿತ್ತಳೆ, ಅಂದರೆ 10 ಕಿಲೋಓಮ್. ನೀಲಿ ಇರಬೇಕಾದಲ್ಲಿ ಕಿತ್ತಳೆ ಇದೆ ಎಂದು ತೋರಿಸಿದಾಗ, ‘ಬಣ್ಣ ಸ್ವಲ್ಪ ಹೆಚ್ಚುಕಮ್ಮಿ ಇರುತ್ತದೆ ಸಾರ್’ ಎಂಬ ಉತ್ತರ ಬಂತು. ಅದನ್ನೇ ಹಾಕಿದ್ದರೆ ಫಿಲ್ಟರ್ 16 ಸಾವಿರ ಹರ್ಟ್ಸ್‌ಗೇರಿ, ಗಿಟಾರಿನಿಂದ ಏನೂ ಉಳಿಯುತ್ತಿರಲಿಲ್ಲ. ಬಫರಿಗೆಂದು ಇನ್ನೊಂದು ಅಂಗಡಿಯಿಂದ ತಂದ, ಇನ್‌ಪುಟ್ಟಿನಿಂದ ಬಹುತೇಕ ವಿದ್ಯುತ್ತನ್ನೇ ಸೆಳೆಯದ ಜೆಫೆಟ್ ಬಗೆಯ ಜೆ201 ಟ್ರಾನ್ಸಿಸ್ಟರುಗಳ ಮೈಮೇಲೆ ಅಕ್ಷರಗಳೇನೋ ಸರಿಯಾಗಿದ್ದವು. ಮಲ್ಟಿಮೀಟರಿಗೆ ಹಿಡಿದರೆ ಡ್ರೇನ್ ಮತ್ತು ಸೋರ್ಸ್ ಎಂಬ ಎರಡು ಕಾಲುಗಳ ನಡುವೆ ಎರಡು ಕಡೆಯಿಂದಲೂ ಒಂದೇ ಬಗೆಯ ರೋಧ ಕಾಣಬೇಕಾಗಿತ್ತು. ಕಂಡದ್ದು ಸಾಧಾರಣ ಬೈಪೋಲಾರ್ ಟ್ರಾನ್ಸಿಸ್ಟರಿನ ಎರಡು ಡಯೋಡುಗಳು, ಅಂದರೆ ಮಾಲು ನಕಲಿ. ಕೊನೆಗೆ ಎಲ್ಲೆಡೆ ಸಿಗುವ ಟಿಎಲ್‌072 ಆಪ್‌ಆಂಪ್ ಎಂಬ ವರ್ಧಕ ಚಿಪ್ಪಿಗೆ ಶರಣಾದೆ. ಅದರ ಒಳಗೇ ಜೆಫೆಟ್ ಇರುವುದರಿಂದ ಇನ್‌ಪುಟ್ಟಿಗೆ ಜೋಡಿಸುವ 10 ಮೆಗಾಓಮ್ ಬಯಾಸ್ ರೆಸಿಸ್ಟರಿನಿಂದ ಅದಕ್ಕೆ ಯಾವ ತೊಂದರೆಯೂ ಇಲ್ಲ.

ನೆಲ್ಸನ್ ಅವರ ‘ಟ್ರಿಗರ್’ ಗಿಟಾರಿನ ಕಥೆಯನ್ನು ಈ ಹಿನ್ನೆಲೆಯಲ್ಲಿ ಮತ್ತೊಮ್ಮೆ ನೋಡುವುದು ಒಳ್ಳೆಯದು. 1969ರಲ್ಲಿ ಅವರ ಬಾಲ್ಡ್‌ವಿನ್ ಗಿಟಾರು ಒಡೆದುಹೋದಾಗ, ನ್ಯಾಶ್‌ವಿಲ್‌ನ ಗಿಟಾರ್ ರಿಪೇರಿಗಾರ ಶಾಟ್ ಜ್ಯಾಕ್ಸನ್ ಅದರ ಪಿಕಪ್ಪನ್ನು ತೆಗೆದು ಮಾರ್ಟಿನ್ ಎನ್‌-20 ಗಿಟಾರಿಗೆ ಕೂರಿಸಿದರು. ಆ ಮಾರ್ಟಿನ್ ಜೊತೆಗೂ ನೆಲ್ಸನ್ ಬಾಲ್ಡ್‌ವಿನ್ ಆಂಪ್ಲಿಫೈಯರನ್ನೇ ಉಳಿಸಿಕೊಂಡರು. ಎಲ್ಲರೂ ಟ್ರಿಗರ್‌ನ ಮೈಯಲ್ಲಿ ಪಿಕ್ ಉಜ್ಜಿ ಉಜ್ಜಿ ಆದ ತೂತಿನ ಬಗ್ಗೆ ಮಾತಾಡುತ್ತಾರೆ. ಆ ನಾದದ ಗುಟ್ಟು ತೂತಿಗಿಂತ ಹೆಚ್ಚಾಗಿ ಪಿಕಪ್ಪಿಗೂ ಆಂಪ್ಲಿಫೈಯರಿಗೂ ಇರುವ ಹೊಂದಾಣಿಕೆಯಲ್ಲಿದೆ ಎಂಬುದು ನನ್ನ ನಂಬಿಕೆ. ಆದರೂ ನನ್ನ ಗಿಟಾರಿನ ಸ್ಪ್ರೂಸ್ ಮೈಗೆ ಪಾರದರ್ಶಕ ಹಾಳೆಯೊಂದನ್ನು ಅಂಟಿಸಿದ್ದೇನೆ, ಏಕೆಂದರೆ ತೂತು ಬಿದ್ದ ಗಿಟಾರು ಶೋಭಿಸುವುದು ನೆಲ್ಸನ್ ಕೈಯಲ್ಲಿ ಮಾತ್ರ.

ನಡುವೆ ಮುಂದಿನ ಯೋಜನೆಯೂ ತಲೆಯೇರಿ ಕುಳಿತಿದೆ. ರೈಲಿನ ತಾಳವನ್ನು ಕಂಪ್ಯೂಟರಿನ ಡ್ರಮ್ಮಿನಿಂದ ತೆಗೆಯಲು ಮನಸ್ಸಿಲ್ಲದ ಕಾರಣ, ಹಳೆಯ ಸೂಟ್‌ಕೇಸಿಗೆ ಕಾಲಿನ ಪೆಡಲ್ ಜೋಡಿಸಿ, ಮೇಲೆ ತಂತಿಯ ಬ್ರಷ್ಷಿನಿಂದ ನುಡಿಸಬೇಕೆಂದಿದ್ದೇನೆ. ಮನೆಯಲ್ಲಿರುವ ತಕ್ಕ ಸೂಟ್‌ಕೇಸ್ ಒಂದೇ. ಅದು ನಮ್ಮ ಮಾವನವರದು, ಒಳಗೆ ಜಮೀನಿನ ಪತ್ರಗಳಿವೆ, ಅವರಿಗೆ ವಿಷಯ ಇನ್ನೂ ತಿಳಿದಿಲ್ಲ.

ಬಫರ್ ಕೂರಿಸಿ ಮೊದಲ ಬಾರಿ ಇ ಸ್ವರಮೇಳವನ್ನು ಬಾರಿಸಿದಾಗ ಹೆಡ್‌ಫೋನಿನಲ್ಲಿ ಆರನೆಯ ತಂತಿ ದುಂಡಗೆ ಮೊಳಗಿತು. ಈಗ ಉಳಿದಿರುವುದು ಮೂರನೆಯ ತಂತಿಯ ಮಂಕುತನ. ಸ್ಯಾಡಲಿನ ಅಡಿಯಲ್ಲಿ ಒಂದೆಡೆ ಬೆಳಕು ತೂರಿ ಬರುತ್ತಿರುವುದರಿಂದ ಮೂಳೆಯ ತಳ ಪಿಕಪ್ಪಿಗೆ ಸಮನಾಗಿ ಕೂರುತ್ತಿಲ್ಲವೆಂದು ತೋರುತ್ತದೆ. ಭಾನುವಾರ ಗಾಜಿನ ಮೇಲೆ 400ರ ಮರಳುಕಾಗದ ಹರಡಿ ಅದನ್ನು ಉಜ್ಜಬೇಕು.